ಕೆಂಪಾಗದ ಕಣಗಳು

ಮರಸೇಬಿನ ಮೇಲೆ ಯಾರಾದರೂ ಅಪವಾದ ಹೊರಿಸಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ತನ್ನನ್ನೇ ಬೈದರೆ ಒಂದು ಗಳಿಗೆ ಮುಖ ಊದಿಸಿಕೊಂಡು ಸುಮ್ಮನಾಗಿಬಿಡುವವಳು, ‘ಈ ಹಣ್ಣು ಕಚ್ಚಿದರೆ ಬಾಯಲ್ಲಿ ಮರಳು ಸಿಕ್ಕಿದ ಹಾಗಾಗುತ್ತಪ್ಪ’ ಎಂಬ ಮಾತನ್ನು ಮಾತ್ರ ಕೇಳಿಸಿಕೊಂಡು ಸುಮ್ಮನಿರುತ್ತಿರಲಿಲ್ಲ. ಹೇಳಿದವರು ಪರಿಚಯದವರೋ ಅಲ್ಲವೋ ಎಂಬುದೂ ಮುಖ್ಯವಾಗಿರಲಿಲ್ಲ. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನ ದಂಪತಿ ಹಾಗಂದದ್ದೇ ತಡ, ಹಿಂದಿನಿಂದ ಭುಜ ತಟ್ಟಿ ಪಾಠ ಶುರುಮಾಡಿದಳು. ಪಾಪ, ಅವರು ತಮ್ಮ ಸ್ಟಾಪ್ ಬರುವ ಮೊದಲೇ ಇಳಿದುಕೊಂಡರು. ಅವಳ ಗಂಡ ದರ್ಜಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ತಮಾಷೆ ಮಾಡುವ ಮನುಷ್ಯ. “ನಿಮ್ಮ ಲ್ಯಾಬಲ್ಲಿ ಹಣ್ಣು ಕೆಂಪಾಗೋಕೆ ಔಷಧಿ ಬೇಕು. ನಿನ್ನ ಮೂಗಿಗೆ ಅದೂ ಬೇಡ, ತಾನಾಗೇ ಕೆಂಪಾಗುತ್ತೆ” ಎನ್ನುತ್ತಿದ್ದ.

ಅವಳು ಕೆಲಸ ಮಾಡುತ್ತಿದ್ದದ್ದು ಎಳೆಮಕ್ಕಳ ತಿನಿಸು ತಯಾರಿಸುವ ಒಂದು ಕಾರ್ಖಾನೆಯಲ್ಲಿ. ಹಣ್ಣನ್ನು ತೊಳೆದು, ಬೇಯಿಸಿ, ಅರೆದು, ಜರಡಿ ಹಿಡಿದು, ಅಂಗೈಯಲ್ಲಿ ಹಿಡಿಸುವಂಥ ಗಾಜಿನ ಬಾಟಲಿಗಳಿಗೆ ತುಂಬಿ ಮಾರುವ ಕಾರ್ಖಾನೆ ಅದು. ಬಾಯ್ಲರ್ ಕೋಣೆಗೂ ಉಗ್ರಾಣಕ್ಕೂ ನಡುವೆ ಸಿಕ್ಕಿಕೊಂಡ ಒಂದು ಇಕ್ಕಟ್ಟಿನ ಕೋಣೆಯೇ ಲ್ಯಾಬು. ಒಂದು ಗೋಡೆ ಸದಾ ಬಿಸಿ, ಇನ್ನೊಂದು ಗೋಡೆ ಸದಾ ತಣ್ಣಗೆ. ಅಲ್ಲಿದ್ದ ಒಬ್ಬಳೇ ರಸಾಯನಶಾಸ್ತ್ರಜ್ಞೆ ಅವಳು. ಬೆರಳ ತುದಿಗಳಲ್ಲಿ ಯಾವಾಗಲೂ ಕೆಂಪು ಕಲೆ ಇರುತ್ತಿದ್ದದ್ದರಿಂದ ಕೆಲಸದ ಹೆಂಗಸರು ಅವಳಿಗೆ ‘ಕೆಂಪು ಮೇಡಂ’ ಎಂದು ಹೆಸರಿಟ್ಟಿದ್ದರು. ಹಣ್ಣಿನ ತಿರುಳನ್ನು ಪರೀಕ್ಷಿಸುವುದು ಒಂದು ಕೆಲಸವಾದರೆ, ಬಾಟಲಿ ಕೊಂಡವರ ದೂರುಗಳಿಗೆ ಫೋನಿನಲ್ಲಿ ಉತ್ತರ ಕೊಡುವುದು ಇನ್ನೊಂದು. ತಿಳಿದವರೇ ಉತ್ತರ ಹೇಳಲಿ ಎಂದು ಮಾಲೀಕರು ಆ ಫೋನನ್ನು ತಂದು ಅವಳ ಮೇಜಿನ ಮೇಲೆ ಕೂರಿಸಿದ್ದರು.

ಆ ಕೆಲಸ ಈಗ ಅವಳಿಗಿಲ್ಲ. ಕಾರ್ಖಾನೆಗೆ ತನಿಖೆಯವರು ಬಂದದ್ದು, ಅಂಗಡಿಗಳಿಂದ ಬಾಟಲಿಗಳನ್ನು ವಾಪಸು ತರಿಸಿದ್ದು, ದೂರು ಕೊಟ್ಟವಳು ಒಳಗಿನವಳೇ ಎಂದು ತಿಳಿದು ಅವಳನ್ನು ಮನೆಗೆ ಕಳಿಸಿದ್ದು, ಇದೆಲ್ಲ ಊರಿಗೆ ಗೊತ್ತಿರುವ ವಿಷಯ. ಜನ ಅವಳನ್ನು ಹೊಗಳುತ್ತಾರೆ. ಹೊಗಳಿದರೆ ಅವಳು ಸಿಡುಕುತ್ತಾಳೆ. ಯಾಕೆ ಸಿಡುಕುತ್ತಾಳೆ ಎಂಬುದು ತಿಳಿಯಬೇಕಾದರೆ ಒಂದು ಮಧ್ಯಾಹ್ನದ ಕಥೆ ಹೇಳಬೇಕು.

ಅದಕ್ಕೂ ಮೊದಲು ಅವಳ ಅಪ್ಪನ ವಿಷಯ. ಅಪ್ಪ ಬಡಗಿ. ಮನೆಯ ಮುಂದಿನ ಚಪ್ಪರದಡಿ ಬಾಗಿಲು, ಕಿಟಕಿ, ಮಂಚ ಮಾಡುತ್ತಿದ್ದವನು. ಮಗಳು ಕಾಲೇಜಿನಲ್ಲಿ ಓದುವಾಗ ಒಂದು ದಿನ ಎರಡು ಪುಟ್ಟ ಸೀಸೆಗಳನ್ನು ಕೇಳಿ ಪಡೆದು ಮನೆಗೆ ತಂದಳು. ಒಂದರಲ್ಲಿ ಫ್ಲೋರೋಗ್ಲೂಸಿನಾಲ್ ಎಂಬ ನಾಲಿಗೆ ಹೊರಳದ ಹೆಸರಿನ ದ್ರಾವಣ, ಇನ್ನೊಂದರಲ್ಲಿ ಆಮ್ಲ. ಅಪ್ಪನ ಉಜ್ಜುಗೊರಡಿನಿಂದ ಸುರುಳಿ ಸುರುಳಿಯಾಗಿ ಬಿದ್ದಿದ್ದ ಮರದ ಹೊಟ್ಟಿನ ಮೇಲೆ ಮೊದಲು ಇದರ ಹನಿ, ಆಮೇಲೆ ಅದರ ಹನಿ ಬಿಟ್ಟಳು. ಬಿಳಿಯ ಸುರುಳಿ ನೋಡನೋಡುತ್ತ ಕಡುಗೆಂಪಾಯಿತು. ಹಳೆಯ ದಿನಪತ್ರಿಕೆಯ ಚೂರಿನ ಮೇಲೆ ಬಿಟ್ಟಳು, ಅದೂ ಕೆಂಪು. ಕೊನೆಗೆ ಮರಸೇಬಿನ ತೆಳ್ಳನೆಯ ಬಿಲ್ಲೆಯೊಂದರ ಮೇಲೆ ಬಿಟ್ಟಾಗ ಬಿಳಿಯ ತಿರುಳಿನ ನಡುವೆ ಅಲ್ಲಲ್ಲಿ ಕೆಂಪು ಚುಕ್ಕೆಗಳು ಎದ್ದವು. “ನೋಡಪ್ಪಾ, ಮರದಲ್ಲಿರೋದೇ ಹಣ್ಣಲ್ಲೂ ಇದೆ” ಎಂದಳು. ಅಪ್ಪ ಬಿದ್ದು ಬಿದ್ದು ನಕ್ಕ. “ಹಾಗಾದ್ರೆ ನಾಳೆಯಿಂದ ಹಣ್ಣಲ್ಲೇ ಮಂಚ ಮಾಡ್ತೀನಿ ಬಿಡು” ಎಂದ. ಅವಳು ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ತಾನು ಕಣ್ಣಾರೆ ಕಂಡದ್ದನ್ನು ಇನ್ನೊಬ್ಬರು ನಂಬದಿದ್ದರೆ ಪಿತ್ತ ನೆತ್ತಿಗೇರುವ ಸ್ವಭಾವ ಅವಳಿಗೆ ಅಂಟಿಕೊಂಡದ್ದು ಬಹುಶಃ ಅಂದೇ.

ಹೇಳಿದ್ದೇನೋ ನಿಜವೇ. ಮರಸೇಬು ಇನ್ನೂ ಗೋಲಿಯಷ್ಟು ಕಾಯಿಯಾಗಿದ್ದಾಗಲೇ ಅದರೊಳಗಿನ ಕೆಲವು ಜೀವಕೋಶಗಳು ತಮ್ಮ ಗೋಡೆಯನ್ನು ದಪ್ಪ ಮಾಡಿಕೊಳ್ಳಲು ಹೊರಡುತ್ತವೆ. ಸಣ್ಣ ಸಣ್ಣ ಅಣುಗಳನ್ನು ಒಂದಕ್ಕೊಂದು ಬೆಸೆದು, ಅಡ್ಡಾದಿಡ್ಡಿ ಹೆಣೆದು, ಆ ಗೋಡೆಯ ಸಂದುಗೊಂದುಗಳಿಗೆಲ್ಲ ತುಂಬುತ್ತವೆ. ಹಾಗೆ ಹೆಣೆದದ್ದಕ್ಕೆ ಲಿಗ್ನಿನ್ ಎಂದು ಹೆಸರು. ಮರವನ್ನು ಮರವಾಗಿಸುವುದು, ಬೀಸುವ ಗಾಳಿಗೆ ಬಗ್ಗದಂತೆ ನಿಲ್ಲಿಸುವುದು ಇದೇ ಲಿಗ್ನಿನ್. ಹಣ್ಣಿನಲ್ಲಿ ಅದಕ್ಕೇನು ಕೆಲಸವೋ! ಗೋಡೆ ದಪ್ಪವಾಗುತ್ತ ಆಗುತ್ತ ಕೋಶದ ಒಳಗಿನ ಜಾಗ ಕಿರಿದಾಗಿ, ಕೊನೆಗೆ ಕೋಶವೇ ಸತ್ತುಹೋಗುತ್ತದೆ. ಉಳಿಯುವುದು ಕಲ್ಲಿನಂಥ ಒಂದು ಗೂಡು. ಅಂಥವು ಒಂದಷ್ಟು ಗುಂಪುಗೂಡಿದರೆ ನಮ್ಮ ಹಲ್ಲಿಗೆ ಸಿಗುವ ಕರಕರ. ಸೀಬೆ ಹಣ್ಣಿನ ತಿರುಳಿನಲ್ಲೂ ಇದೇ ಕಲ್ಲುಕೋಶಗಳಿವೆ. ಮರಸೇಬಿನ ದಾಯಾದಿಯೇ ಆದ ಸೇಬಿನ ತಿರುಳಿಗೆ ಮಾತ್ರ ಈ ಕಾಟ ಇಲ್ಲ. ಅದಕ್ಕೇ ಜನ ಸೇಬನ್ನು ಹೊಗಳಿ ಮರಸೇಬನ್ನು ಹಳಿಯುತ್ತಾರೆ ಎಂದು ಅವಳಿಗೆ ಸೇಬಿನ ಮೇಲೂ ಒಂದು ಬಗೆಯ ಹೊಟ್ಟೆಕಿಚ್ಚು.

ಫೋನಿನಲ್ಲಿ ಬರುತ್ತಿದ್ದ ದೂರುಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ. ‘ಮಗುವಿನ ಬಾಟಲಿಯಲ್ಲಿ ಮರಳಿದೆ.’ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಪ್ರತಿಯೊಂದು ಬಾಟಲಿಯನ್ನೂ ತರಿಸಿಕೊಂಡು, ಕಣಗಳನ್ನು ಬೇರ್ಪಡಿಸಿ, ಹನಿ ಬಿಟ್ಟು ನೋಡುತ್ತಿದ್ದಳು. ಪ್ರತಿ ಸಲವೂ ಕೆಂಪೇ. ಒಮ್ಮೆಯಾದರೂ, ಎಳ್ಳಷ್ಟಾದರೂ ಬೇರೆ ಬಣ್ಣ ಬರಲಿಲ್ಲ. ಹಾಗಾಗಿ ವರ್ಷಗಳು ಕಳೆದಂತೆ ಬಾಟಲಿ ತರಿಸುವುದು ನಿಂತುಹೋಯಿತು. ಉಳಿದದ್ದು ಒಂದು ದನಿ. ಮನೆಯಲ್ಲಿ, ಬೀದಿಯಲ್ಲಿ, ಲ್ಯಾಬಿನಲ್ಲಿ ಗುಡುಗುವವಳು ಫೋನೆತ್ತಿದರೆ ಬೇರೆಯೇ ಹೆಂಗಸಾಗುತ್ತಿದ್ದಳು. ಆ ದನಿ ಎಷ್ಟು ನುಣುಪಾಗಿತ್ತೆಂದರೆ ಗಂಡ ಒಮ್ಮೆ ಸುಮ್ಮನೆ ಆ ನಂಬರಿಗೆ ಫೋನ್ ಮಾಡಿ, ಕೇಳಿ, “ನನ್ನ ಜೊತೆ ಮದುವೆ ಆದೋಳು ಯಾರು ಹಾಗಾದ್ರೆ?” ಎಂದು ಕೇಳಿದ್ದ.

ಅವಳು ಹೇಳುತ್ತಿದ್ದ ಮಾತು ಇಷ್ಟೇ: “ಗಾಬರಿ ಆಗಬೇಡಿ ತಾಯಿ. ಅದು ಮರಳಲ್ಲ, ಹಣ್ಣು ತನ್ನೊಳಗೇ ಕಟ್ಟಿಕೊಂಡ ಕಲ್ಲು. ಮರ ಗಟ್ಟಿ ಆಗೋದು ಯಾವುದರಿಂದಲೋ ಇದೂ ಅದರಿಂದಲೇ. ಮಗುಗೆ ಏನೂ ಆಗಲ್ಲ, ನಿಶ್ಚಿಂತೆಯಿಂದ ತಿನ್ನಿಸಿ.” ಕೇಳಿದ ತಾಯಂದಿರಿಗೆ ಎದೆ ಹಗುರಾಗುತ್ತಿತ್ತು. ಎಷ್ಟೋ ಜನ ‘ಎಷ್ಟು ಚೆನ್ನಾಗಿ ಹೇಳಿದಿರಿ ಮೇಡಂ’ ಎಂದು ಫೋನಿಡುತ್ತಿದ್ದರು. ಇಟ್ಟ ಮೇಲೆ ಅವಳೂ ಒಂದಿಷ್ಟು ಉಬ್ಬುತ್ತಿದ್ದಳು, ಅದರಲ್ಲೇನು ಮುಚ್ಚುಮರೆ.

ಹೊಸ ಮ್ಯಾನೇಜರ್ ಬಂದ ಮೇಲೆ ಈ ಮಾತಿಗೆ ರೆಕ್ಕೆ ಬಂತು. ಆತನೂ ರಸಾಯನಶಾಸ್ತ್ರ ಓದಿದವನೇ. ಗಟ್ಟಿಯಾಗಿ ಮಾತಾಡುವವನಲ್ಲ, ಎಲ್ಲರಿಗೂ ಮರ್ಯಾದೆ ಕೊಟ್ಟು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮಾಡಿಸಿಕೊಳ್ಳುವವನು. ಅವಳನ್ನು ಕರೆದು, ಕೆಲಸದವರಿಗೆಲ್ಲ ಈ ಕಲ್ಲುಕೋಶದ ಪಾಠ ಹೇಳಿಸಿದ. ಅವಳು ಉತ್ಸಾಹದಿಂದ ಹಲಗೆಯ ಮೇಲೆ ಚಿತ್ರ ಬರೆದು, ಕೆಂಪು ಚುಕ್ಕೆ ಇಟ್ಟು, ‘ಮರಸೇಬಿನ ಕರಕರ ಮರಳಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಳು. ಮ್ಯಾನೇಜರ್ ಆ ಹಲಗೆಯನ್ನು ಹಣ್ಣು ತೊಳೆಯುವ ಅಂಗಳದಲ್ಲಿ ತೂಗುಹಾಕಿಸಿದ. ಬಾಟಲಿಯ ಮೇಲಿನ ಚೀಟಿಯಲ್ಲಿ ‘ಹಣ್ಣಿನ ಸಹಜ ಕಣಗಳು ಇರಬಹುದು’ ಎಂದು ಅಚ್ಚು ಹಾಕಿಸಿದ. ಅದಾದ ಮೇಲೆ ಸಣ್ಣ ಕಣ್ಣಿನ ಜರಡಿ ಪದೇ ಪದೇ ಕಟ್ಟಿಕೊಳ್ಳುತ್ತದೆ, ಕೆಲಸ ನಿಲ್ಲುತ್ತದೆ, ಸಹಜವಾದದ್ದನ್ನು ತಡೆಯುವುದಕ್ಕೆ ಇಷ್ಟು ಒದ್ದಾಟ ಯಾಕೆ ಎಂದು ದೊಡ್ಡ ಕಣ್ಣಿನ ಜರಡಿ ಹಾಕಿಸಿದ. ಅವಳನ್ನು ಕೇಳಿಯೇ ಹಾಕಿಸಿದ. ಅವಳು ತಲೆಯಾಡಿಸಿದಳು. ಹಣ್ಣಿನ ಮಾನ ಉಳಿಯಿತಲ್ಲ ಎಂಬ ಖುಷಿಯಲ್ಲಿ ಇನ್ನೇನೂ ಹೊಳೆಯಲಿಲ್ಲ.

ಆಗ ಶುರುವಾಯಿತು, ಮೊಮ್ಮಗುವಿನ ಬಾಟಲಿಯಲ್ಲಿ ಮರಳಿದೆ ಎನ್ನುವ ಒಬ್ಬ ಅಜ್ಜಿಯ ಫೋನು. ಮೊದಲ ಸಲ ಅವಳು ಎಂದಿನ ಮಾತು ಹೇಳಿದಳು. “ಇಲ್ಲ ತಾಯಿ, ಇದು ಬೇರೆ ಥರ ಇದೆ” ಎಂದರು ಅಜ್ಜಿ. ಮತ್ತೆ ಫೋನ್ ಬಂದಾಗಲೂ ಅದೇ ಮಾತು, ಅದೇ ಉತ್ತರ. ನಡುವೆ ಒಮ್ಮೆ ಆ ಮನೆಯ ಸೊಸೆಯೇ ಮಾತಾಡಿದಳು. ಅವಳಿಗೆ ಮೇಡಂ ಇನ್ನೂ ಬಿಡಿಸಿ, ಮರ, ಕಾಯಿ, ಕೋಶ ಎಲ್ಲವನ್ನೂ ಹೇಳಿದಳು. ಸೊಸೆ ಕೃತಜ್ಞತೆಯಿಂದ ಕರಗಿಹೋದಳು. ಅಷ್ಟಾದರೂ ಅಜ್ಜಿ ಬಿಡಲಿಲ್ಲ, ಇನ್ನೊಮ್ಮೆ ಫೋನ್ ಮಾಡಿದರು. “ಅಜ್ಜಿ, ಎಷ್ಟು ಸಲ ಹೇಳಬೇಕು ನಿಮಗೆ?” ಎಂದು ಮೇಡಂ ಮೊದಲ ಬಾರಿಗೆ ಫೋನಿನ ದನಿ ಬಿಟ್ಟು ಮನೆಯ ದನಿಯಲ್ಲಿ ಗದರಿಸಿ ಇಟ್ಟುಬಿಟ್ಟಳು. ಓದಿದವರು ಹೇಳಿದರೂ ಕಿವಿಗೆ ಹಾಕಿಕೊಳ್ಳದ ಜನ ಎಂದು ಸಂಜೆಯವರೆಗೂ ಬುಸುಗುಟ್ಟಿದಳು.

ಒಂದು ಮಧ್ಯಾಹ್ನ ಗೇಟಿನ ಕಾವಲುಗಾರ ಬಂದು, “ಮೇಡಂ, ಯಾರೋ ಅಜ್ಜಿ ಬಂದಿದ್ದಾರೆ. ಎಷ್ಟು ಹೇಳಿದ್ರೂ ಹೋಗ್ತಿಲ್ಲ. ಫೋನಲ್ಲಿ ಬೈದೋರನ್ನ ನೋಡ್ಬೇಕಂತೆ” ಎಂದ.

ಅಜ್ಜಿಯ ಕೈಯಲ್ಲಿ ಬಟ್ಟೆಯ ಚೀಲ, ಚೀಲದೊಳಗೆ ಅರ್ಧ ಖಾಲಿಯಾದ ಬಾಟಲಿ. ಗಿಡ್ಡ ಆಳು, ನೆಟ್ಟಗೆ ನಿಂತ ಬೆನ್ನು. ಚಪ್ಪಲಿಯ ತುಂಬ ಬೀದಿಯ ಧೂಳು. “ನೀನೇನಾ?” ಎಂದರು. “ನನ್ನ ಹಲ್ಲು ಇನ್ನೂ ನನ್ನವೇ ಕಣಮ್ಮಾ. ಕಟ್ಟಿಸ್ಕೊಂಡಿದ್ದಲ್ಲ. ಹಣ್ಣಿನ ಕರಕರ ಯಾವುದು, ಮಣ್ಣಿನ ಕರಕರ ಯಾವುದು ಅಂತ ಅವಕ್ಕೆ ಗೊತ್ತು.”

“ಸರಿ ಬನ್ನಿ ಅಜ್ಜಿ” ಎಂದಳು ಅವಳು, ಹಲ್ಲು ಕಚ್ಚಿಕೊಂಡು. “ನಿಮ್ಮ ಕಣ್ಣೆದುರೇ ತೋರಿಸ್ತೀನಿ. ನೋಡಿದ ಮೇಲಾದ್ರೂ ನಂಬ್ತೀರಲ್ಲ?”

ಹೊರಗಿನವರನ್ನು ಲ್ಯಾಬಿಗೆ ಬಿಡುವಂತಿಲ್ಲ. ಅವಳು ಬಿಟ್ಟಳು. ಇದ್ದ ಒಂದೇ ಸ್ಟೂಲಿನ ಮೇಲೆ ಅಜ್ಜಿಯನ್ನು ಕೂರಿಸಿ, ಬಾಟಲಿಯ ತಿರುಳನ್ನು ಗಾಜಿನ ಪಾತ್ರೆಗೆ ಸುರಿದು, ನೀರು ಬೆರೆಸಿ, ಅಕ್ಕಿ ತೊಳೆದ ಹಾಗೆ ಮತ್ತೆ ಮತ್ತೆ ಮೇಲಿನ ಬಗ್ಗಡವನ್ನು ಬಸಿದಳು. ತಳದಲ್ಲಿ ಒಂದು ಚಿಟಿಕೆಯಷ್ಟು ಕಣಗಳು ಉಳಿದವು. ಅವನ್ನು ಬಿಳಿಯ ಪಿಂಗಾಣಿ ಬಿಲ್ಲೆಯ ಮೇಲೆ ಹರಡಿ, ಮೊದಲ ಹನಿ ಬಿಟ್ಟಳು. ಎರಡನೆಯದನ್ನೂ ಬಿಟ್ಟಳು. “ಈಗ ನೋಡಿ” ಎಂದಳು, ಗೆದ್ದವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು.

ಕೆಂಪು ಎದ್ದಿತು. ಇಲ್ಲೊಂದು, ಅಲ್ಲೊಂದು, ಮತ್ತೆ ನಾಲ್ಕಾರು. ಅಜ್ಜಿ ಬಗ್ಗಿ ನೋಡಿದರು. ಅವಳೂ ಬಗ್ಗಿದಳು. ಇನ್ನುಳಿದವು ಕೆಂಪಾಗಲಿಲ್ಲ. ಕೆಂಪಾದವುಗಳಿಗಿಂತ ಆಗದವುಗಳೇ ಹೆಚ್ಚಾಗಿದ್ದವು. ಕಾದಳು. ಹನಿ ಸಾಲದೇನೋ ಎಂದು ಇನ್ನೊಂದು ಬಿಟ್ಟಳು. ಔಷಧಿ ಹಳತಾಗಿದೆಯೇನೋ ಎಂದು ಬೆಂಕಿಕಡ್ಡಿಯೊಂದನ್ನು ಸೀಳಿ ಅದರ ಮೇಲೆ ಬಿಟ್ಟಳು. ಕಡ್ಡಿ ನಾಚಿದಂತೆ ತಟಕ್ಕನೆ ಕೆಂಪಾಯಿತು. ಔಷಧಿಯಲ್ಲಿ ಏನೂ ಐಬಿರಲಿಲ್ಲ.

“ಇವು ಯಾಕೆ ಹಾಗೇ ಇವೆ?” ಎಂದು ಅಜ್ಜಿ ಕೇಳಿದರು.

ಅವಳು ಕೆಂಪಾದ ಒಂದು ಕಣವನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಇಟ್ಟು ಒತ್ತಿದಳು. ಅದು ಪುಡಿಯಾಯಿತು. ಕೆಂಪಾಗದ್ದನ್ನು ಇಟ್ಟು ಒತ್ತಿದಳು. ಗಾಜು ಕಿರ್ರೆಂದಿತು. ಪಟ್ಟಿಯನ್ನು ತೆಗೆದು ಬೆಳಕಿಗೆ ಹಿಡಿದರೆ ಅದರ ಮೇಲೆ ಗೀರು.

“ಇದೇ ಸದ್ದು” ಎಂದು ಅಜ್ಜಿ ಸ್ಟೂಲಿನಿಂದ ಎದ್ದುಬಿಟ್ಟರು. “ನನ್ನ ಬಾಯಲ್ಲಿ ಬಂದಿದ್ದು ಇದೇ ಸದ್ದು!”

“ಅಜ್ಜಿ, ಸ್ವಲ್ಪ ಕೂತಿರಿ. ಈಗ ಬಂದೆ” ಎಂದು ಬಿಲ್ಲೆಯನ್ನು ಕೈಯಲ್ಲಿ ಹಿಡಿದೇ ಹೊರಬಿದ್ದಳು.

ತೊಳೆಯುವ ಅಂಗಳದಲ್ಲಿ ಎಂದಿನಂತೆ ನೀರಿನ ಸದ್ದು. ತೋಟದಿಂದ ಬಂದ ಹಣ್ಣಿನ ಕ್ರೇಟುಗಳು, ಅವುಗಳ ಅಡಿಗೆ ಮೆತ್ತಿದ ಮಣ್ಣು. ದೊಡ್ಡ ತೊಟ್ಟಿಯಲ್ಲಿ ಹಣ್ಣುಗಳು ತೇಲುತ್ತಿದ್ದವು. ಅವಳು ಬಿಲ್ಲೆಯನ್ನು ಕಟ್ಟೆಯ ಮೇಲಿಟ್ಟು, ಅಂಗಿಯ ತೋಳು ಮಡಚಿ ತೊಟ್ಟಿಯ ತಳಕ್ಕೆ ಕೈ ಹಾಕಿದಳು. ಮಣಿಕಟ್ಟಿನವರೆಗೆ ಮರಳಿನಲ್ಲಿ ಹೂತುಹೋಯಿತು. ಬೊಗಸೆಯಲ್ಲಿ ತೆಗೆದು, ತೊಳೆಯುವವರಲ್ಲಿ ಹಿರಿಯಳಾದ ಹೆಂಗಸಿನ ಮುಖದ ಮುಂದೆ ಹಿಡಿದಳು.

“ಏನಕ್ಕಾ ಇದು? ತೊಟ್ಟಿ ಬಸಿದು ಎಷ್ಟು ಕಾಲ ಆಯ್ತು?”

ಆ ಹೆಂಗಸು ಹೆದರಲಿಲ್ಲ. ಮೇಡಂಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿದಳು. “ಮೊದಲೆಲ್ಲ ದಿನಾ ಬಸೀತಿದ್ವಿ ಮೇಡಂ. ಮರಳು ಅಂತ ತಿಳ್ಕೊಂಡಿದ್ವಿ. ನೀವೇ ಹೇಳಿದ್ರಲ್ಲ, ಅದು ಹಣ್ಣಿನದ್ದೇ ಕಲ್ಲು, ಸಹಜ ಅಂತ. ಅಗೋ, ಬೋರ್ಡೂ ಇದೆ. ಮ್ಯಾನೇಜರ್ ಸಾಹೇಬ್ರೂ, ಮತ್ಯಾಕೆ ಸುಮ್ನೆ ನೀರು ದಂಡ ಮಾಡ್ತೀರಿ ಅಂದ್ರು.”

“ಅಯ್ಯೋ ನನ್ನ ಕರ್ಮವೇ! ಹಣ್ಣನ್ನ ಇನ್ನೂ ಹೆಚ್ಚೇ ಇಲ್ಲವಲ್ಲಕ್ಕಾ! ಸಿಪ್ಪೆ ಕೂಡ ಬಿಚ್ಚಿಲ್ಲ! ಹಣ್ಣೊಳಗಿನ ಕಲ್ಲು ಸಿಪ್ಪೆ ದಾಟಿ ತೊಟ್ಟಿಗೆ ಹೇಗೆ ಬೀಳುತ್ತೆ?”

ಹೆಂಗಸು ಬೊಗಸೆಯನ್ನು ನೋಡಿದಳು, ತೇಲುವ ಹಣ್ಣುಗಳನ್ನು ನೋಡಿದಳು, ಗೋಡೆಯ ಮೇಲಿನ ಹಲಗೆಯನ್ನು ನೋಡಿದಳು. “ಅದನ್ನ ನೀವು ಹೇಳಲಿಲ್ಲ” ಎಂದಳು.

ನಿಜ, ಹೇಳಿರಲಿಲ್ಲ. ಅದನ್ನೂ ಹೇಳಬೇಕು ಎಂದು ಯಾವ ರಸಾಯನಶಾಸ್ತ್ರಜ್ಞೆಗೆ ಹೊಳೆಯುತ್ತದೆ? ಸಿಟ್ಟಿನಲ್ಲಿ ಅವಳ ಕಣ್ಣಲ್ಲಿ ನೀರು ಬಂತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಂಬುದೇ ತಿಳಿಯದ ಸಿಟ್ಟು ಅದು. ಆದರೆ ಬಿಲ್ಲೆಯನ್ನು ಎತ್ತಿಕೊಂಡು ಮ್ಯಾನೇಜರನ ಕೋಣೆಯ ಬಾಗಿಲು ತಳ್ಳುವಷ್ಟರಲ್ಲಿ ಅದಕ್ಕೊಂದು ವಿಳಾಸ ಸಿಕ್ಕಿತ್ತು.

ಮ್ಯಾನೇಜರ್ ಬಿಲ್ಲೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದ. ಓದಿದವನಲ್ಲವೇ, ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. ಅರ್ಥವಾದದ್ದು ಅವಳಿಗೂ ಕಂಡಿತು. ಅವಳ ಮೈಯನ್ನು ಹೆಚ್ಚು ಉರಿಸಿದ್ದು ಅದೇ. ತಿಳಿಯದವನಾಗಿದ್ದರೆ ತಿಳಿಸಬಹುದಿತ್ತು.

“ಕೆಂಪು ಬಂದಿದೆಯಲ್ಲ ಮೇಡಂ” ಎಂದ, ನಗುತ್ತ.

“ಅರ್ಧಕ್ಕರ್ಧ ಬಂದಿಲ್ಲ! ಒಬ್ಬರು ಅಜ್ಜಿ ಬಾಟ್ಲಿ ಹಿಡ್ಕೊಂಡು ಬಂದು ಲ್ಯಾಬಲ್ಲಿ ಕೂತಿದ್ದಾರೆ. ಅದು ಮಣ್ಣು ಸಾರ್. ತೋಟದ ಮಣ್ಣು, ಹುಳಕ್ಕೆ ಹೊಡೆದ ಔಷಧಿ ಸಮೇತ. ಬೇಕಾದ್ರೆ ಸುಟ್ಟು ತೋರಿಸ್ತೀನಿ. ಹಣ್ಣಿಂದಾದ್ರೆ ಉರಿದು ಹೋಗುತ್ತೆ, ಮರಳಾದ್ರೆ ಹಾಗೇ ಕೂತಿರುತ್ತೆ.”

“ಸುಡೋದೆಲ್ಲ ಬೇಡ” ಎಂದ ಆತ, ಬಿಲ್ಲೆಯನ್ನು ಮೆಲ್ಲಗೆ ಮೇಜಿನ ಮೇಲಿಡುತ್ತ. “ನಾಳೆಯಿಂದ ತೊಟ್ಟಿ ಬಸಿಸೋಣ. ಸಣ್ಣ ಜರಡಿ ಮತ್ತೆ ಹಾಕಿಸೋಣ. ಹೊರಗೆ ಹೋಗಿರೋದನ್ನ ಈಗೇನು ಮಾಡೋಕಾಗುತ್ತೆ? ನೀವು ಫೋನಲ್ಲಿ ಯಾವಾಗಲೂ ಹೇಳೋ ಮಾತು ಹೇಳಿ. ಅದರಲ್ಲಿ ಸುಳ್ಳೇನೂ ಇಲ್ಲ. ಹಣ್ಣಿನ ಕಣ ಇರೋದು ನಿಜ ತಾನೇ? ಇನ್ನೊಂದು ಇದೆಯೋ ಇಲ್ಲವೋ ಅಂತ ಅವರು ಕೇಳಿದ್ರೆ ತಾನೇ ಹೇಳಬೇಕು?”

“ಕೇಳ್ತಾನೇ ಇದ್ದಾರಲ್ಲ ಸಾರ್! ಮರಳು ಇದೆಯಾ ಅಂತಾನೇ ಕೇಳ್ತಿರೋದು ಅವರು!”

“ಮೇಡಂ, ನಿಮ್ಮ ಮಾತನ್ನ ಜನ ನಂಬ್ತಾರೆ. ಅದು ಸಣ್ಣ ವಿಷಯ ಅಲ್ಲ. ಹಾಳು ಮಾಡ್ಕೋಬೇಡಿ.”

ನೋಡಿ, ಹೀಗಿರುತ್ತದೆ. ಸುಳ್ಳು ಹೇಳಿ ಎಂದು ಆತ ಹೇಳಲಿಲ್ಲ. ನಿಜವನ್ನೇ ಹೇಳಿ ಎಂದ. ಅವಳು ಹರೆಯದಿಂದ ಎದೆಗೆ ಅಪ್ಪಿಕೊಂಡು ಬಂದ ನಿಜ, ಅಪ್ಪನ ಜೊತೆ ಜಗಳ ಕಾಯ್ದ ನಿಜ, ಬಸ್ಸಿನಲ್ಲಿ ಅಪರಿಚಿತರ ಭುಜ ತಟ್ಟಿ ಹೇಳಿದ ನಿಜ. ಅದನ್ನೇ ಮಣ್ಣಿನ ಮೇಲೆ ಹಾಸಿ ಮುಚ್ಚಿಬಿಡಿ ಎಂದ. ಸುಳ್ಳುಗಾರನ ಮೇಲಾದರೆ ಕೂಗಾಡಬಹುದು. ನಮ್ಮ ನಿಜವನ್ನೇ ಕದ್ದು, ಅದರಿಂದಲೇ ಊರಿನ ಕಣ್ಣಿಗೆ ಮಣ್ಣೆರಚುವವನಿಗೆ ಏನು ಹೇಳುವುದು?

ಅವಳೇನೂ ನುಂಗಿಕೊಂಡು ಕೂತವಳಲ್ಲ. “ನಿಮ್ಮ ಮನೆ ಮಗುಗೆ ಇದನ್ನ ತಿನ್ನಿಸ್ತೀರಾ?” ಎಂದು ಕೂಗಿದಳು. ಕೂಗಿದ್ದು ಉಗ್ರಾಣದವರೆಗೂ ಕೇಳಿಸಿತಂತೆ. ಆತ ತಲೆ ತಗ್ಗಿಸಿ, “ಆ ಅಜ್ಜಿಗೆ ಒಂದು ಡಬ್ಬ ಜ್ಯೂಸ್ ಕೊಟ್ಟು ಕಳಿಸಿ” ಎಂದಷ್ಟೇ ಹೇಳಿದ. ಅವಳು ಮೇಜಿನ ಮೇಲಿದ್ದ ಬಿಲ್ಲೆಯನ್ನು ಬಾಚಿಕೊಂಡು ಹೊರಬಂದಳು. ಆರೋಗ್ಯ ಇಲಾಖೆಗೆ ಆಮೇಲೆ ಅವಳು ಕೊಂಡೊಯ್ದು ಕೊಟ್ಟದ್ದು ಅದೇ ಬಿಲ್ಲೆಯನ್ನು.

ಲ್ಯಾಬಿನಲ್ಲಿ ಅಜ್ಜಿ ಸ್ಟೂಲಿನ ಮೇಲೆ ಕದಲದೆ ಕೂತಿದ್ದರು. ಅವಳು ಎದುರು ನಿಂತು, ಸುತ್ತಿ ಬಳಸದೆ, “ಅಜ್ಜಿ, ನೀವು ಹೇಳಿದ್ದೇ ಸರಿ. ಅದರಲ್ಲಿ ಮರಳಿದೆ” ಎಂದಳು. ಹೇಳಿದ ಮೇಲೆ, ಅಜ್ಜಿ ತನ್ನ ಕೈ ಹಿಡಿದುಕೊಂಡು ಪುಣ್ಯಾತ್ಗಿತ್ತಿ ಎಂದಾರು ಎಂಬ ಒಂದು ಸಣ್ಣ ಆಸೆ ಅವಳಿಗಿತ್ತೋ ಏನೋ. ಅಜ್ಜಿ ಹಾಗೇನೂ ಮಾಡಲಿಲ್ಲ.

“ಇದನ್ನ ಹೇಳೋಕೆ ನಾನು ಇಷ್ಟು ದೂರ ಬರಬೇಕಿತ್ತಾ?” ಎಂದರು. “ಫೋನ್ ಮಾಡಿ ಮಾಡಿ ಬೇಡ್ಕೊಂಡಾಗ ಎಲ್ಲಿತ್ತು ನಿನ್ನ ಈ ಹನಿ, ಈ ಗಾಜು? ನಿನಗೇನಮ್ಮಾ, ಚೆನ್ನಾಗಿ ಮಾತಾಡಿ ಇಟ್ಟುಬಿಟ್ಟೆ. ನಮ್ಮನೇಲಿ ನಿನ್ನ ಮಾತೇ ಕಾನೂನು. ನನ್ನ ಸೊಸೆ ಏನಂದಳು ಗೊತ್ತಾ? ‘ಬಾಟ್ಲಿ ತಿನಿಸು ಕಂಡ್ರೆ ನಿಮಗಾಗಲ್ಲ ಅತ್ತೆ, ಅದಕ್ಕೇ ಇಲ್ಲದ್ದು ಹೇಳ್ತೀರಿ. ಅಷ್ಟು ಓದಿರೋ ಮೇಡಂ ಸುಳ್ಳು ಹೇಳ್ತಾರಾ?’ ಅಂದಳು. ಚಮಚ ನನ್ನ ಕೈಯಿಂದ ಕಿತ್ಕೊಂಡಳು. ಮಗುಗೆ ಉಣಿಸೋ ಕೆಲಸ ನನಗಿಲ್ಲ ಈಗ. ಮಗು ಮುಖ ತಿರುಗಿಸೋದನ್ನ ಬಾಗಿಲಲ್ಲಿ ನಿಂತು ನೋಡ್ತೀನಿ.”

“ನಿಮಗೆ ಒಂದು ಡಬ್ಬ ಜ್ಯೂಸ್ ಕೊಟ್ಟು ಕಳಿಸಬೇಕಂತೆ, ಮ್ಯಾನೇಜರ್ ಹೇಳಿದ್ರು” ಎಂದಳು ಅವಳು.

“ನನಗೆ ನಿಮ್ಮ ಜ್ಯೂಸೂ ಬೇಡ, ಏನೂ ಬೇಡ” ಎಂದು ಅಜ್ಜಿ ಸೆರಗಿನ ಮರೆಯಿಂದ ತಮ್ಮ ಫೋನ್ ತೆಗೆದು ಅವಳ ಕೈಗಿಟ್ಟರು. “ಈಗ ಮಗು ಎದ್ದಿರುತ್ತೆ. ಅದಕ್ಕೆ ತಿನ್ನಿಸೋ ಹೊತ್ತು, ಮನೇಲಿ ಇನ್ನೂ ಬಾಟ್ಲಿಗಳಿವೆ. ನನ್ನ ಸೊಸೆಗೆ ಹೇಳು. ನಿನ್ನ ಬಾಯಿಂದಲೇ ಹೇಳು.”

ಅಜ್ಜಿ ತೋರಿಸಿದ ನಂಬರನ್ನು ಅವಳು ಒತ್ತಿದಳು. ಆ ಕಡೆ ಫೋನೆತ್ತಿದ ಕೂಡಲೇ, “ಏನತ್ತೆ, ಹೇಳದೆ ಕೇಳದೆ ಎಲ್ಲಿ ಹೋದಿರಿ?” ಎಂಬ ಸೊಸೆಯ ದನಿ.

“ಅತ್ತೆ ಅಲ್ಲ, ಕಾರ್ಖಾನೆಯಿಂದ ಮಾತಾಡ್ತಿದ್ದೀನಿ!” ಅವಳಲ್ಲಿ ಇನ್ನೂ ಮ್ಯಾನೇಜರನ ಕೋಣೆಯ ಬೆಂಕಿ ಆರಿರಲಿಲ್ಲ. “ಆ ಬಾಟ್ಲಿ ಮಗುಗೆ ಕೊಡಬೇಡಿ! ಅದರಲ್ಲಿ ಮರಳಿದೆ! ಕೇಳಿಸ್ತಾ? ಮರಳಿದೆ!”

ಸೊಸೆ ನಕ್ಕಳು. ಕೆಟ್ಟ ನಗುವಲ್ಲ, ಸುಸ್ತಾದವರ ನಗು. “ಯಾರಮ್ಮಾ ನೀವು? ನಮ್ಮತ್ತೆ ಎಲ್ಲಿಂದ ಹಿಡ್ಕೊಂಡು ಬಂದ್ರು ನಿಮ್ಮನ್ನ? ಫೋನೂ ಅವರದ್ದೇ. ಕಾರ್ಖಾನೆ ಮೇಡಂ ಹತ್ರ ನಾನೇ ಮಾತಾಡಿದ್ದೀನಿ. ಎಷ್ಟು ಸಮಾಧಾನವಾಗಿ, ಎಷ್ಟು ತಿಳಿಸಿ ಹೇಳಿದ್ರು.”

“ಆ ಮೇಡಂ ನಾನೇ!”

“ಸುಮ್ನಿರಮ್ಮಾ. ಅವರು ಹೀಗೆಲ್ಲ ಕಿರುಚಲ್ಲ. ಅವರ ದನಿ ನನಗೆ ಗೊತ್ತಿಲ್ವಾ?”

ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಇನ್ನೊಮ್ಮೆ ಕೂಗಲು ಬಾಯಿ ತೆರೆದು, ಮುಚ್ಚಿದಳು. ಕೂಗಿದರೆ ನಂಬುವುದಿಲ್ಲ. ನಂಬುವುದು ಆ ಇನ್ನೊಬ್ಬಳನ್ನು, ಮೇಜಿನ ಮೇಲಿನ ಫೋನಿನಲ್ಲಿ ವರ್ಷಗಟ್ಟಲೆ ಮಾತಾಡಿದವಳನ್ನು. ಬಾಯ್ಲರ್ ಕೋಣೆಯ ಬಿಸಿ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಅವಳು ಆ ದನಿಯನ್ನು ತಂದುಕೊಂಡಳು. ತರುವಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ಗಾಬರಿ ಆಗಬೇಡಿ ತಾಯಿ” ಎಂದಳು, ಮೆತ್ತಗೆ, ನುಣ್ಣಗೆ. “ಅದು ಮರಳಲ್ಲ, ಹಣ್ಣು ತನ್ನೊಳಗೇ ಕಟ್ಟಿಕೊಂಡ ಕಲ್ಲು. ಮರ ಗಟ್ಟಿ ಆಗೋದು ಯಾವುದರಿಂದಲೋ...”

“ಮೇಡಂ!” ಎಂದಳು ಸೊಸೆ. ದನಿ ಪೂರ್ತಿ ಬದಲಾಗಿತ್ತು. “ನೀವಾ? ಕ್ಷಮಿಸಿ ಮೇಡಂ, ನಾನು ಯಾರೋ ಅಂದ್ಕೊಂಡೆ.”

“ನಾನೇ ತಾಯಿ. ಅವತ್ತು ನಾನು ಹೇಳಿದ್ದು ತಪ್ಪು. ನಿಮ್ಮ ಬಾಟ್ಲಿ ನೋಡದೆ ಹೇಳಿದ್ದೆ. ಈಗ ನೋಡಿದೆ. ಅದರಲ್ಲಿ ನಿಜವಾಗ್ಲೂ ಮಣ್ಣಿದೆ. ನಿಮ್ಮತ್ತೆ ಹೇಳಿದ್ದೇ ಸರಿ. ಇನ್ನು ಒಂದು ಚಮಚವೂ ಕೊಡಬೇಡಿ.”

ಆ ಕಡೆಯಿಂದ ಮಗು ಅಳುವ ಸದ್ದು ಕೇಳಿಸಿತು.

“ಬೇಡ ಬೇಡ ಅಂತ ಉಗುಳ್ತಾನೇ ಇತ್ತು ಮೇಡಂ” ಎಂದಳು ಸೊಸೆ. “ನೀವು ಹೇಳಿದ್ರಲ್ಲ ಅಂತ, ಕೈ ಎರಡೂ ಹಿಡ್ಕೊಂಡು, ಈಗಷ್ಟೇ ಪೂರ್ತಿ ತಿನ್ನಿಸ್ದೆ.”